ಸುಮ್ಮನ ಮಾತಿನ ತಾಸು

ನಮ್ಮ ಓಣಿಯ ಸವಿತಾ ಹೋದ ವರ್ಷ ಹೈಸ್ಕೂಲ್ ಟೀಚರ್ ಆದಳು. ಒಂದು ರವಿವಾರ ಮನೆಗೆ ಬಂದವಳು ಕೊಟ್ಟ ಚಹಾ ಆರಿಹೋದರೂ ಫೋನು ತೋರಿಸುತ್ತಲೇ ಕೂತಿದ್ದಳು. ಅವಳ ತರಗತಿಯ ಮಕ್ಕಳೆಲ್ಲ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡು ಪಾಠದ ಬಗ್ಗೆ ಚಾಟ್ ಮಾಡುತ್ತಾರಂತೆ. ಇವಳು ಒಂದು ಪ್ರಶ್ನೆ ಹಾಕಿದರೆ ಸಾಕು, ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು, ಅವರಿಗೆ ಮತ್ತೊಬ್ಬರು ಉತ್ತರ ಬರೆಯುತ್ತ ಹೋಗುತ್ತಾರಂತೆ. “ಕ್ಲಾಸಿನ್ಯಾಗ ತುಟಿ ಪಿಟಕ್ ಅನ್ನಲಾರದ ಹುಡುಗೂರು ಇದರಾಗ ಎಷ್ಟ್ ಬರೀತಾವ ನೋಡ್ರಿ ಅಕ್ಕೋರ! ನಿಮ್ಮ ಕಾಲದಾಗ ಇಂಥಾದ್ದು ಇರಲಿಲ್ಲಲ್ರಿ,” ಅಂದಳು.

ಇರಲಿಲ್ಲವೇ! ನನಗೆ ಸಿಟ್ಟೂ ಬಂತು, ನಗುವೂ ಬಂತು. ಫೋನು ಇರಲಿಲ್ಲ, ಖರೆ. ನಾನು ಕಲಿಸಿದ ಶಾಲೆಗಳ ಪೈಕಿ ಎರಡರಲ್ಲಿ ಕರೆಂಟೇ ಇರಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡು ಮಾತಾಡುವ ತರಗತಿ ನನ್ನದೂ ಒಂದಿತ್ತು. ಅದರ ಕಥೆಯನ್ನು ಸವಿತಾಗೆ ಹೇಳಿದಾಗ “ಬರೀರಿ ಅಕ್ಕೋರ” ಎಂದು ಬೆನ್ನು ಹತ್ತಿದಳು. ಅದಕ್ಕೇ ಈ ಬರಹ. ನಾನು ಯಾವಾಗ ಹಿರಿಯ ಶಿಕ್ಷಕಿಯಾದೆ, ಯಾವಾಗ ಮುಖ್ಯಾಧ್ಯಾಪಕಿಯಾದೆ ಎಂಬುದೆಲ್ಲ ಸರ್ವಿಸ್ ಬುಕ್ಕಿನಲ್ಲಿದೆ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ. ನಾನು ಮಾಡಿದ ಒಂದು ದೊಡ್ಡ ತಪ್ಪು ಮಾತ್ರ ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಗೊತ್ತಿರಬೇಕು.

ಮೊದಲು ಬಾದಾಮಿಯ ಮಾತು. ಎಪ್ಪತ್ತರ ದಶಕದ ಶುರುವಿನಲ್ಲಿ ಅಲ್ಲಿ ನನ್ನ ಮೊದಲ ನೌಕರಿ. ಇತಿಹಾಸ, ಪೌರನೀತಿ ಕಲಿಸುತ್ತಿದ್ದೆ. ಹೊಸ ಹುರುಪು ನೋಡಿ, ಚಾಲುಕ್ಯರ ವಂಶಾವಳಿಯನ್ನು ಗಂಟಲು ಹರಿಯುವಂತೆ ಹೇಳುತ್ತಿದ್ದೆ. ಮಕ್ಕಳಿಗೆ ಅದು ಬೇಕಾಗಿರಲಿಲ್ಲ. ಗುಹೆ ಅಂದರೆ ಅವರಿಗೆ ಮಂಗ್ಯಾಗಳು ಬುತ್ತಿ ಕಸಿಯುವ ಜಾಗ, ಅಷ್ಟೇ. ಒಂದು ದಿನ ನಾನು ಬೋರ್ಡಿನ ಕಡೆ ತಿರುಗಿದಾಗ ಹಿಂದಿನ ಸಾಲಿನಲ್ಲಿ ಒಂದು ಚೀಟಿ ಕೈಯಿಂದ ಕೈಗೆ ಓಡಾಡುತ್ತಿರುವ ಸರಸರ ಸದ್ದು ಕಿವಿಗೆ ಬಿತ್ತು. ಹೋಗಿ ಕಸಿದುಕೊಂಡೆ. ಹರಿದು ಹಾಕುವ ಮುಂಚೆ ಸುಮ್ಮನೆ ಕಣ್ಣಾಡಿಸಿದೆ.

“ಈ ಗವಿ ಕೆತ್ತಿದವರಿಗೆ ಬುತ್ತಿ ಯಾರು ತರತಿದ್ರು?” ಎಂದು ಒಬ್ಬರು ಕೇಳಿದ್ದರು. “ಅವರ ಹೆಂಡರು” ಎಂದು ಕೆಳಗೆ ಇನ್ನೊಂದು ಕೈ ಬರೆದಿತ್ತು. “ಹೆಂಡರಿಗೆ ಕೆತ್ತಾಕ ಬರತಿರಲಿಲ್ಲೇನು?” ಎಂದು ಮತ್ತೊಂದು. “ಅದು ಬಿಡು, ಕೆತ್ತಿದ ಕಲ್ಲಪುಡಿ ಎಲ್ಲಿ ಒಗದ್ರು?” ಎಂದು ನಾಲ್ಕನೆಯದು. ಕಡೆಗೆ, “ನಮ್ಮ ಊರ ಮಣ್ಣು ಕೆಂಪ ಇರೂದು ಅದಕ್ಕ.”

ನಾನು ಆ ಚೀಟಿ ಹಿಡಿದುಕೊಂಡು ನಿಂತೇಬಿಟ್ಟೆ. ಒಂದು ತಿಂಗಳಿನಿಂದ ನಾನು ಬಾಯಿ ಬಡಿದುಕೊಂಡರೂ ಒಂದು ಪ್ರಶ್ನೆ ಕೇಳದಿದ್ದ ಮಕ್ಕಳು ಇವರೇನಾ? ಏಟು ಬೀಳುತ್ತದೆಂದು ಅಂಗೈ ಚಾಚಿ ನಿಂತವರಿಗೆ ನಾನು ಹೇಳಿದ್ದು, “ಮತ್ತ ಬರೀರಿ. ಈ ಹಾಳಿ ಸಾಲಂಗಿಲ್ಲ, ದೊಡ್ಡದು ಕೊಡ್ತೇನಿ.”

ಹೀಗೆ ಶುರುವಾಯಿತು. ಒಂದೊಂದು ಸಾಲಿಗೆ ಒಂದೊಂದು ಹಾಳಿ. ತಲೆಯಲ್ಲಿ ನನ್ನ ಪ್ರಶ್ನೆ. ಒಬ್ಬರು ಒಂದು ಮಾತು ಬರೆದು ಪಕ್ಕದವರಿಗೆ ದಾಟಿಸಬೇಕು, ಅವರು ಮೇಲಿನ ಮಾತಿಗೆ ಉತ್ತರ ಕೊಡಬೇಕು. ಅಷ್ಟು ಹೊತ್ತು ಯಾರೂ ಬಾಯಿ ಬಿಡುವಂತಿಲ್ಲ. ಮಕ್ಕಳೇ ಅದಕ್ಕೆ ‘ಸುಮ್ಮನ ಮಾತು’ ಎಂದು ಹೆಸರಿಟ್ಟರು. ಆ ತಾಸಿನಲ್ಲಿ ಸೀಸಪೆನ್ಸಿಲ್ಲಿನ ಗೀರಾಟ ಬಿಟ್ಟರೆ ಬೇರೆ ಸದ್ದಿಲ್ಲ. ಆಗಾಗ ಯಾರೋ ಒಬ್ಬರು ನಗು ತಡೆಯಲಾರದೆ ಕೆಮ್ಮುತ್ತಿದ್ದರು.

ಮುಂದೆ ಇಳಕಲ್ಲಿಗೆ ವರ್ಗವಾಯಿತು. ಅಲ್ಲಿ ನನ್ನ ಹುರುಪಿಗೆ ತಕ್ಕ ಪಾಠ ಕಲಿತೆ. ಪೌರನೀತಿಯಲ್ಲಿ ‘ಅಧಿಕಾರ’ ಎಂಬ ಪಾಠ ಇತ್ತು. “ನಿಮ್ಮ ಮನಿಯಾಗ ಯಾರ ಮಾತು ನಡೀತೈತಿ?” ಎಂದು ಹಾಳಿಯ ಮೇಲೆ ಬರೆದುಕೊಟ್ಟೆ. ಹೆಸರು ಹಾಕಿ ಬರೆಯಿರಿ ಎಂದೂ ಹೇಳಿದ್ದೆ. ಮಕ್ಕಳು ಮನೆಯ ಬಾಗಿಲನ್ನೆಲ್ಲ ತೆರೆದಿಟ್ಟರು. ಆ ಹಾಳಿಗಳಲ್ಲಿ ಒಂದು ಹೇಗೋ ಶಾಲೆ ಬಿಟ್ಟ ಮೇಲೆ ಓಣಿಗೆ ಹೋಯಿತು. ಮರುದಿನ ಒಬ್ಬ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಳು.

“ಏನ್ರಿ ಅಕ್ಕೋರ, ನಾ ನಮ್ಮತ್ತಿ ಜೋಡಿ ಯಾವಾಗ ಜಗಳಾಡಿದ್ಯಾ, ಎಷ್ಟ್ ದಿನಾ ಮಾತ ಬಿಟ್ಟಿದ್ಯಾ, ಅದ ನಿಮಗ ಪಾಠ ಏನ್ರಿ? ಪುಸ್ತಕದಾಗಿಂದು ಕಲಸೂದು ಮುಗೀತೇನು?”

ತಪ್ಪಾಯಿತೆಂದು ಕೈಮುಗಿದೆ. ಅವಳ ಸಿಟ್ಟು ಇಳಿಯಲು ಎರಡು ಕಪ್ಪು ಚಹಾ ಬೇಕಾಯಿತು. ಹೋಗುವಾಗ ಬಾಗಿಲಲ್ಲಿ ನಿಂತು, “ಖರೆ ಹೇಳ್ರಿ, ನಮ್ಮ ಹುಡುಗಿ ಚೊಲೋ ಬರದಿದ್ಲಿಲ್ಲ?” ಎಂದು ಕೇಳಿದಳು. ಹೌದು ಅಂದೆ. ನಕ್ಕು ಹೋದಳು. ಅಂದಿನಿಂದ ನನ್ನ ಕಟ್ಟುನಿಟ್ಟಿನ ನಿಯಮ, ಸುಮ್ಮನ ಮಾತಿನ ಹಾಳಿಯಲ್ಲಿ ಯಾರೂ ಹೆಸರು ಹಾಕಬಾರದು. ಯಾರು ಬರೆದರು ಎಂದು ನಾನೂ ಕೇಳುವುದಿಲ್ಲ. ಈ ನಿಯಮ ಮುಂದೆ ಎಂಥ ಫಜೀತಿ ತರಲಿದೆಯೆಂದು ಆಗ ಗೊತ್ತಿರಲಿಲ್ಲ.

ಎಂಬತ್ತರ ದಶಕ ಕಾಲಿಡುವ ಹೊತ್ತಿಗೆ ಹುನಗುಂದದ ಹೆಣ್ಣುಮಕ್ಕಳ ಶಾಲೆಗೆ ಬಂದೆ. ವರ್ಷ ಅದಾಗಲೇ ಶುರುವಾಗಿತ್ತು. ಹತ್ತನೆಯ ತರಗತಿ ನನ್ನ ಪಾಲಿಗೆ ಬಂತು, ಅರವತ್ತು ಚಿಲ್ಲರೆ ಹುಡುಗಿಯರು. ಹೆಡ್‌ಮಾಸ್ತರು ಪಾಟೀಲ ಸರ್. ಶಿಸ್ತಿನ ಮನುಷ್ಯ. ಗಡಿಯಾರ ಹಿಂದೆ ಬಿದ್ದರೆ ಗಡಿಯಾರಕ್ಕೇ ಬೈಯುವವರು. ನನ್ನ ಪಾಠ ಟಿಪ್ಪಣಿಯಲ್ಲಿ ಬುಧವಾರ ಮತ್ತು ಶನಿವಾರ ‘ಸುಮ್ಮನ ಮಾತು’ ಎಂದು ಬರೆದದ್ದನ್ನು ನೋಡಿ ಕರೆಸಿದರು.

“ಅಕ್ಕೋರ, ಸುಮ್ಮನ ಮಾತಾಡಾಕ ಸರ್ಕಾರದವರು ಪಗಾರ ಕೊಡ್ತಾರೇನ್ರಿ?”

“ಸುಮ್ಮನ ಅಂದ್ರ ಬ್ಯಾರೇನ ಅದ ಸರ್. ಬಾಯಿ ಬಿಡಲಾರದ ಮಾತಾಡೂದು,” ಅಂದೆ.

“ಬಾಯಿ ಬಿಡಲಾರದ ಹೆಂಗ ಮಾತಾಡ್ತಾರ್ರಿ?”

ಹಳೆಯ ಒಂದು ಹಾಳಿ ತೋರಿಸಿದೆ. ಕನ್ನಡಕ ಏರಿಸಿ, ಇಳಿಸಿ ಓದಿದರು. ಒಪ್ಪಿದರು ಅನ್ನಲಾರೆ, ತಡೆಯಲಿಲ್ಲ. ಆದರೆ ಒಂದು ಕರಾರು ಹಾಕಿದರು. ಶಾಲೆಯಲ್ಲಿ ಬಳಸಿದ ಪ್ರತಿ ಹಾಳಿಯ ಮೇಲೂ ತಾರೀಖು, ತರಗತಿ, ಸಾಲು, ನನ್ನ ಸಹಿ ಇರಬೇಕು. ದಾರ ಕಟ್ಟಿ ಕಪಾಟಿನಲ್ಲಿಡಬೇಕು. “ದಫ್ತರ ಅಂದ್ರ ದಫ್ತರ,” ಅಂದರು. ಎಂಥ ಕಿರಿಕಿರಿ ಎಂದು ಒಳಗೊಳಗೇ ಬೈದುಕೊಂಡೆ. ಇವತ್ತು ಅವರ ಆ ಕಿರಿಕಿರಿಗೆ ಸಾವಿರ ಶರಣು ಅನ್ನುತ್ತೇನೆ.

ಮೊದಲ ವಾರವೇ ಕಿಡಕಿಯ ಕಡೆಯ ಸಾಲಿನ ಹಾಳಿಯಲ್ಲಿ ಒಂದು ಬರಹ ನನ್ನನ್ನು ಹಿಡಿದು ನಿಲ್ಲಿಸಿತು. ಪ್ರಶ್ನೆ, ಮಳೆಯ ನೀರು ಯಾರದು ಎಂಬುದು. ಹೊಲದಲ್ಲಿ ಬಿದ್ದದ್ದು ಹೊಲದವನದು ಎಂದು ಒಬ್ಬಳು ಬರೆದಿದ್ದಳು. ಅದರ ಕೆಳಗೆ ಸಣ್ಣ, ಒತ್ತೊತ್ತಾದ ಅಕ್ಷರ: “ಮೇಲಿನವರ ಮಾತಿಗೆ ತಕರಾರು ಇದೆ. ಬೀಳುವ ಮುಂಚೆ ಮೋಡ ಇದು ಯಾರ ಹೊಲ ಎಂದು ಕೇಳಿದ್ದಿಲ್ಲ. ಹರಿದು ಹೋಗುವಾಗ ನೀರೂ ಕೇಳುವುದಿಲ್ಲ. ಆದಕಾರಣ ಅದು ಯಾರ ಯಾರ ಹೊಲ ಹಾದು ಹೋಗುವುದೋ ಅವರೆಲ್ಲರದು.”

ಅಬ್ಬಾ ಹುಡುಗಿಯೇ! ಮುಂದಿನ ಹಾಳಿಯಲ್ಲೂ ಅದೇ ಅಕ್ಷರ, ಅದೇ ಶುರು. ‘ತಕರಾರು ಇದೆ.’ ರಾಜರಿಗೂ ತಕರಾರು, ಪಾಠಪುಸ್ತಕಕ್ಕೂ ತಕರಾರು, ಒಮ್ಮೆ ನನ್ನ ಪ್ರಶ್ನೆಗೇ ತಕರಾರು. ನಾನು ಆಕೆಗೆ ‘ತಕರಾರು’ ಎಂದೇ ಹೆಸರಿಟ್ಟೆ. ಕಪಾಟಿಗೆ ಸೇರಿಸುವ ಮುಂಚೆ ಹಾಳಿಗಳನ್ನು ಮನೆಗೆ ಒಯ್ದು ಓದುತ್ತಿದ್ದೆ. ನಮ್ಮ ಮನೆಯವರು ಊಟಕ್ಕೆ ಕೂತಾಗ ಮೊದಲು ಕೇಳುತ್ತಿದ್ದದ್ದೇ, “ಇವತ್ತ ತಕರಾರು ಏನಂತು?” ಎಂದು. ಯಾರು ಎಂದು ಕೇಳಬಾರದೆಂಬ ನಿಯಮ ನನ್ನದೇ. ಆದರೂ ಮನಸ್ಸು ಕೇಳಬೇಕಲ್ಲ. ಆ ಸಾಲಿನಲ್ಲಿ ಒಬ್ಬ ವಕೀಲರ ಮಗಳಿದ್ದಳು, ಸುಮಿತ್ರಾ. ಅವಳೇ ಇರಬೇಕೆಂದು ಲೆಕ್ಕ ಹಾಕಿ, ಸಂದರ್ಭ ಸಿಕ್ಕಾಗಲೆಲ್ಲ ಅವಳ ಬೆನ್ನು ತಟ್ಟುತ್ತಿದ್ದೆ. ಪಾಪ, ಆ ಹುಡುಗಿ ಯಾಕೆಂದು ತಿಳಿಯದೆ ಬೆಪ್ಪಾಗಿ ನೋಡುತ್ತಿದ್ದಳು.

ಈಗ ನನ್ನ ತಪ್ಪಿನ ಕಡೆ ಬರುತ್ತೇನೆ. ದಿನದ ಮೊದಲ ತಾಸು ಹಾಜರಿ. ಪುಸ್ತಕದ ಮೇಲೆ ತಲೆ ಬಗ್ಗಿಸಿ ಸರಸರನೆ ಹೆಸರು ಕರೆಯುವುದು ನನ್ನ ಚಾಳಿ. “ಹಾಜರ್‍ರಿ” ಎಂಬ ದನಿ ಬಂದರೆ ಒಂದು ಗೀರು, ಬರದಿದ್ದರೆ ಗೈರಿನ ‘ಗೈ’. ತಲೆ ಎತ್ತಿದರೆ ಹೊತ್ತು ಹೋಗುತ್ತದೆ ಎಂಬ ಅವಸರ. ಬಂದ ಹೊಸದರಲ್ಲಿ ಒಂದು ದಿನ ಎರಡು ಹೆಸರಿಗೆ ಒಂದೇ ದನಿ ಬಂದದ್ದು ಕಿವಿಗೆ ಹತ್ತಿತು. ಗಂಗವ್ವ ಎಂಬ ಹುಡುಗಿ ತನ್ನ ಹೆಸರಿಗೂ ಹಾಜರ್ ಅಂದಿದ್ದಳು, ‘ಜೈತುನಬಿ’ ಎಂಬ ಹೆಸರಿಗೂ ಹಾಜರ್ ಅಂದಿದ್ದಳು. ಬರದವಳಿಗೆ ಸುಳ್ಳು ಹಾಜರಿ ಕೊಡಿಸುತ್ತಿದ್ದಾಳೆಂದು ನನಗೆ ಸಿಟ್ಟು ನೆತ್ತಿಗೇರಿತು. ಎಬ್ಬಿಸಿ ನಿಲ್ಲಿಸಿದೆ.

“ಅಲ್ರಿ ಅಕ್ಕೋರ, ಆಕಿ…” ಎಂದು ಗಂಗವ್ವ ಬಾಯಿ ತೆರೆದಳು.

“ಬಾಯಿ ಮುಚ್ಚು. ಯಾರ ಹೆಸರು ಕರೀತೇನೋ ಅವರ ದನೀನ ಬರಬೇಕು. ಇನ್ನ ಮ್ಯಾಲೆ ಒಬ್ಬರದು ಒಬ್ಬರು ಅಂದ್ರ ಇಬ್ಬರಿಗೂ ಗೈರು!”

ಗಂಗವ್ವ ಕೂತಳು. ಮರುದಿನದಿಂದ ಜೈತುನಬಿಯ ಹೆಸರಿಗೆ ಯಾರೂ ಓಗೊಡಲಿಲ್ಲ. ಶಾಲೆ ಬಿಟ್ಟುಹೋದರೂ ಪುಸ್ತಕದಲ್ಲಿ ಹೆಸರು ಉಳಿದ ಹುಡುಗಿಯರು ಆಗ ಎಲ್ಲ ತರಗತಿಯಲ್ಲೂ ಇರುತ್ತಿದ್ದರು. ಇವಳೂ ಹಾಗೇ ಎಂದುಕೊಂಡು ದಿನಾ ‘ಗೈ’ ಹಾಕುತ್ತ ಹೋದೆ. ಮಳೆಗಾಲ ಮುಗಿಯಿತು, ದೀಪಾವಳಿ ರಜೆಯೂ ಮುಗಿಯಿತು. ಗಂಗವ್ವನ ಪಕ್ಕದಲ್ಲಿ ಕಿಡಕಿಗೆ ಹತ್ತಿ ಒಬ್ಬ ಹುಡುಗಿ ಕೂಡುತ್ತಿದ್ದಳು. ಎರಡು ಜಡೆ, ದೊಡ್ಡ ಕಣ್ಣು, ಮಾತಿಲ್ಲ. “ಏ ಕಿಡಕಿ ಹುಡುಗಿ, ಬಿಸಲ ಬರ್ತದ, ಕಿಡಕಿ ಹಾಕವ್ವಾ,” ಎಂದರೆ ತಟ್ಟನೆ ಎದ್ದು ಹಾಕುತ್ತಿದ್ದಳು. ಅವಳ ಹೆಸರು ನಾನು ಕೇಳಿರಲೇ ಇಲ್ಲ.

ಪರೀಕ್ಷೆಯ ಅರ್ಜಿ ತುಂಬುವ ಕಾಲ ಬಂತು. ಹಾಜರಿ ಕಡಿಮೆ ಇದ್ದವರ ಹೆಸರನ್ನು ನಾನೇ ಬರೆದು ಆಫೀಸಿಗೆ ಕೊಟ್ಟೆ. ಅವರು ಪರೀಕ್ಷೆಗೆ ಕೂಡುವಂತಿಲ್ಲ ಎಂದು ಮನೆಗಳಿಗೆ ತಿಳಿಸಲಾಯಿತು. ಎರಡನೆಯ ದಿನ ಪಾಟೀಲ ಸರ್ ಹೇಳಿಕಳಿಸಿದರು. ಹೋದೆ. ಅವರ ಮೇಜಿನ ಮುಂದೆ ಇಮಾಮಸಾಬರು ನಿಂತಿದ್ದರು.

ಇಮಾಮಸಾಬರು ಕೋರ್ಟಿನ ಪಟ್ಟೇವಾಲ. ಬಿಳಿ ಅಂಗಿಯ ಮೇಲೆ ಕೆಂಪು ಪಟ್ಟಿ, ಅದಕ್ಕೆ ಹಿತ್ತಾಳೆಯ ಬಿಲ್ಲೆ. ಕೋರ್ಟಿನ ಪಡಸಾಲೆಯಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು ಅವರ ಕೆಲಸ. ಅವರು ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದವನೂ ಬಸಿ ಇಟ್ಟು ಎದ್ದು ಓಡಬೇಕು, ಅಂಥ ಗಂಟಲು. ಅಂದು ಮಾತ್ರ ಅವರು ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಅವರ ಬೆನ್ನ ಹಿಂದೆ ತಲೆಯ ಮೇಲೆ ಓಢಣಿ ಹೊದ್ದು ಒಬ್ಬ ಹುಡುಗಿ ಗೋಡೆಗೆ ಮುಖ ಮಾಡಿ ನಿಂತಿದ್ದಳು.

“ದಿನಾ ಕೋರ್ಟಿಗೆ ಹೋಗೂಮುಂದ ನಾನ ಗೇಟಿನ ತನಕ ಬಿಟ್ಟು ಹೋಗ್ತೇನ್ರಿ ಸರ್. ಈಗ ನೀವು ನೋಡಿದ್ರ ಸಾಲಿಗೇ ಬಂದಿಲ್ಲ ಅಂತೀರಿ.” ಮಗಳ ಕಡೆ ತಿರುಗಿದರು. “ಹೇಳವ್ವಾ. ಗೇಟಿನ ಒಳಗ ಹೋದಾಕಿ ಎಲ್ಲಿಗೆ ಹೋಗ್ತಿದ್ದಿ? ಯಾರ ಜೋಡಿ ಹೋಗ್ತಿದ್ದಿ?”

ಹುಡುಗಿಯ ಭುಜ ಅಲುಗಿತು. “ನಾ… ನಾ…” ಎಂದು ಬಂತು. ಮುಂದೆ ಗಂಟಲ ನರ ಉಬ್ಬಿತೇ ಹೊರತು ಮಾತು ಬರಲಿಲ್ಲ.

“ತಪ್ಪು ಮಾಡಿದವರು ಹೀಂಗ ನಿಂದರತಾರ,” ಅಂದರು ಪಾಟೀಲ ಸರ್.

“ಆಕಿಗೆ ಸಣ್ಣಾಕಿದ್ದಾಗಿಂದ ಉಗ್ಗು ಐತ್ರಿ. ಮಂದಿ ಮುಂದ ದನೀನ ಹೊರಡಂಗಿಲ್ಲ.” ಇಮಾಮಸಾಬರು ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಹೋಗ್ಲಿ ಬಿಡ್ರಿ. ನಾಳಿಂದ ಸಾಲಿ ಸಾಕು, ಮನ್ಯಾಗ ಇರ್ತಾಳ. ಆದ್ರ ಒಂದು ಮಾತ್ರಿ. ನನ್ನ ಮಗಳು ಎಲ್ಲೆಲ್ಲೋ ತಿರಗ್ಯಾಡಾಕಿ ಅಂತ ಪುಸ್ತಕದಾಗ ಉಳೀಬಾರದು. ಆ ಮಾತಿಗೆ ನಂದು ತಕರಾರು ಐತ್ರಿ.”

ತಕರಾರು! ಆ ಶಬ್ದ ನಮ್ಮ ಶಾಲೆಯ ಯಾವ ಹುಡುಗಿಯ ಬಾಯಲ್ಲೂ ಬರುವಂಥದಲ್ಲ. ದಿನಾ ಕೋರ್ಟಿನ ಮಾತು ಮನೆಗೆ ತರುವವರ ಮಗಳಿಗೆ ಮಾತ್ರ ಬರುವಂಥದು. ಆ ಮನೆ ವಕೀಲರದೇ ಆಗಿರಬೇಕೆಂದೇನೂ ಇರಲಿಲ್ಲ. ಹುಡುಗಿಯ ಹತ್ತಿರ ಹೋಗಿ ಭುಜ ಹಿಡಿದು ತಿರುಗಿಸಿದೆ. ಕಿಡಕಿ ಹುಡುಗಿ!

“ನಿನ್ನ ಹೆಸರೇನವ್ವಾ?” ಎಂದು ಕೇಳಿದೆ. ಐದು ತಿಂಗಳು ನನ್ನ ಕಣ್ಣ ಮುಂದೆ ಕೂತವಳಿಗೆ ಅವತ್ತು ಕೇಳಿದೆ.

“ಜೈತುನಬಿ ರೀ,” ಎಂದು ತಂದೆಯೇ ಹೇಳಿದರು.

ಹೇಗೆ ಓಡಿಹೋಗಿ ಕಪಾಟು ತೆಗೆದೆನೋ ನೆನಪಿಲ್ಲ. ದಾರ ಕಟ್ಟಿದ ಹಾಳಿಗಳ ಗಂಟನ್ನೂ ಹಾಜರಿ ಪುಸ್ತಕವನ್ನೂ ತಂದು ಮೇಜಿನ ಮೇಲೆ ಹಾಕಿ, “ಇದರಾಗ ಈಕಿ ಬರದದ್ದು ಅದ ಸರ್,” ಅಂದೆ. ಪಾಟೀಲ ಸರ್ ಸುಮ್ಮನೆ ನಂಬುವವರಲ್ಲ. ಒಂದು ಬಿಳಿ ಹಾಳಿ, ಪೆನ್ನು ಕೊಟ್ಟು “ಏನಾರ ಒಂದು ಬರಿ” ಅಂದರು. ಹುಡುಗಿ ಮೇಜಿಗೆ ಬಗ್ಗಿ ಬರೆದಳು. ಸಣ್ಣ, ಒತ್ತೊತ್ತಾದ ಅದೇ ಅಕ್ಷರ. ಇಮಾಮಸಾಬರು ಹಾಳಿ ತೆಗೆದುಕೊಂಡು ಕೋರ್ಟಿನಲ್ಲಿ ಹೆಸರು ಓದುವ ಹಾಗೆ ಒಂದೊಂದೇ ಶಬ್ದ ಗಟ್ಟಿಯಾಗಿ ಓದಿದರು.

“ನಾನು ದಿನಾಲೂ ಬಂದಿದ್ದೇನೆ. ಕರೆದಾಗ ದನಿ ಬರಲಿಲ್ಲ.”

ಓದಿ ಮುಗಿಸಿ ಅವರು ಗೋಡೆಯ ಕಡೆ ತಿರುಗಿ ನಿಂತರು.

ಪಾಟೀಲ ಸರ್ ಹಾಳಿಗಳನ್ನು ಬಿಚ್ಚಿ ಒಂದೊಂದರ ತಾರೀಖು ಓದತೊಡಗಿದರು, ನಾನು ಹಾಜರಿ ಪುಸ್ತಕದಲ್ಲಿ ಅದೇ ತಾರೀಖು ಹುಡುಕತೊಡಗಿದೆ. ಹಾಳಿಯಲ್ಲಿ ‘ತಕರಾರು ಇದೆ’, ಪುಸ್ತಕದಲ್ಲಿ ‘ಗೈ’. ಮತ್ತೆ ಹಾಳಿಯಲ್ಲಿ ತಕರಾರು, ಪುಸ್ತಕದಲ್ಲಿ ಗೈ. ಎಲ್ಲ ಬುಧವಾರ, ಎಲ್ಲ ಶನಿವಾರ. ಒಂದು ದಿನವೂ ಆ ಹುಡುಗಿ ತಪ್ಪಿಸಿರಲಿಲ್ಲ. ನನಗೆ ನಾಚಿಕೆಯಿಂದ ಪುಟ ತಿರುವಲು ಆಗುತ್ತಿರಲಿಲ್ಲ. ಯಾರ ಮಾತನ್ನು ಸಂಜೆ ಮನೆಗೆ ಒಯ್ದು ಮುದ್ದು ಮಾಡುತ್ತಿದ್ದೆನೋ, ಅವಳನ್ನೇ ಅದೇ ದಿನ ಬೆಳಿಗ್ಗೆ ನನ್ನ ಕೈಯಾರೆ ಇಲ್ಲವೆಂದು ಬರೆದಿದ್ದೆ.

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಕ್ಕೋರ, ಎರಡರ ಮ್ಯಾಲೂ ನಿಮ್ಮದ ಸಹಿ ಐತಿ. ಯಾವುದು ಖರೆ?”

ಸುಳ್ಳು ಹೇಳಲು ದಾರಿಗಳಿದ್ದವು. ಯಾರೋ ಬೇರೆಯವರ ಅಕ್ಷರ ಅನ್ನಬಹುದಿತ್ತು, ಗಂಗವ್ವನ ಮೇಲೆ ಹಾಕಬಹುದಿತ್ತು. ಆಗ ನೌಕರಿಯ ಹೆದರಿಕೆ ಎಲ್ಲರಿಗೂ ಇತ್ತು, ನನಗೂ ಇತ್ತು. ಆದರೆ ಆ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಹಾಳಿ ಖರೆ ಸರ್. ಪುಸ್ತಕ ಸುಳ್ಳು. ತಪ್ಪು ನಂದು,” ಅಂದೆ.

“ಹಂಗಂತ ಬರದು ಕೊಡ್ರಿ.”

ಅಲ್ಲೇ ಕೂತು ಬರೆದುಕೊಟ್ಟೆ. ಸರ್ ಗಂಗವ್ವನನ್ನು ಕರೆಸಿ ಕೇಳಿದರು. ಅವಳು ಐದು ತಿಂಗಳು ತಡೆಹಿಡಿದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಕಡೆಗೆ, “ನಾ ಅವತ್ತ ಹೇಳಾಕ ಬಂದಿದ್ಯಾರಿ, ಅಕ್ಕೋರು ಬಾಯಿ ಮುಚ್ಚು ಅಂದ್ರು, ಆಮ್ಯಾಲೆ ಹೇಳಾಕ ಎಲ್ಲಾರಿಗೂ ಹೆದರಿಕಿ,” ಎಂದು ಅತ್ತುಬಿಟ್ಟಳು. ಉಳಿದ ವಿಷಯಗಳ ಮಾಸ್ತರರೂ ಈ ಹುಡುಗಿ ತಪ್ಪದೆ ಬರುತ್ತಾಳೆಂದು ಬರೆದುಕೊಟ್ಟರು. ಎಲ್ಲವನ್ನೂ ಹಾಳಿಗಳ ಗಂಟಿನ ಜೊತೆ ಸೇರಿಸಿ ಪಾಟೀಲ ಸರ್ ತಾವೇ ಬಸ್ಸು ಹತ್ತಿ ಬಾಗಲಕೋಟೆಯ ಶಿಕ್ಷಣ ಕಚೇರಿಗೆ ಹೋಗಿ, ಅಲ್ಲಿಂದ ಮುಂದೆಯೂ ಅಲೆದಾಡಿ ಅನುಮತಿ ತಂದರು. ನನಗೆ ಒಂದು ಮೆಮೊ ಬಂತು. ನನ್ನ ಸರ್ವಿಸ್ ಬುಕ್ಕಿನಲ್ಲಿ ಅದೊಂದೇ ಕಪ್ಪು ಚುಕ್ಕೆ. ಅದು ಅಲ್ಲಿ ಇರಲಿ ಅಂತಲೇ ನನ್ನ ಇಚ್ಛೆ. ಜೈತುನಬಿ ಪರೀಕ್ಷೆಗೆ ಕೂತಳು, ಪಾಸಾದಳು, ಮುಂದೆಯೂ ಓದಿದಳು.

ಆದರೆ ಅವತ್ತು ಆಫೀಸಿನಿಂದ ಹೊರಗೆ ಬಂದಾಗ ನಡೆದದ್ದನ್ನು ಹೇಳದಿದ್ದರೆ ಈ ಬರಹವೇ ಬೇಡ. ಬೇವಿನ ಗಿಡದ ಕೆಳಗೆ ಇಮಾಮಸಾಬರು ಪೇಟ ಸುತ್ತಿಕೊಳ್ಳುತ್ತಿದ್ದರು. ಅವರ ಮುಂದೆ ಕೈಮುಗಿದು, “ತಪ್ಪಾತ್ರಿ ಇಮಾಮಸಾಬ್ರ,” ಅಂದೆ.

“ಹಂಗ ಅನಬ್ಯಾಡ್ರಿ ಅಕ್ಕೋರ.” ಪೇಟದ ತುದಿ ಸಿಕ್ಕಿಸಿದರು. “ಕೋರ್ಟಿನ್ಯಾಗ ನಾ ಮೂರು ಸಲ ಕರೀತೇನ್ರಿ. ಓ ಅನ್ನಲಿಲ್ಲಂದ್ರ ಕೇಸ ಹೋತು. ಅದಕ್ಕ ಮೂರನೇ ಸಲ ಕೂಗಿ ತಟ್ಟನೆ ಒಳಗ ಹೋಗಂಗಿಲ್ಲ ನಾ. ಅಂಗಳದ ತುಂಬ ಒಮ್ಮೆ ಕಣ್ಣಾಡಸ್ತೇನಿ. ಹಳ್ಳಿ ಮಂದಿ ಭಾಳ ಬರ್ತಾರ್ರಿ, ಹೆದರಿಕಿಗೆ ಬಾಯಿ ಬರಂಗಿಲ್ಲ, ಬರೇ ಕೈ ಎತ್ತತಾರ. ಆ ಕೈ ನೋಡಬೇಕ್ರಿ.” ಮಗಳ ತಲೆಯ ಮೇಲೆ ಕೈಯಿಟ್ಟರು. “ಊರ ಮಂದಿ ಕೈ ಎಲ್ಲಾ ನೋಡಿದ್ಯಾ. ನನ್ನ ಮಗಳದ ನೋಡಲಿಲ್ಲ. ಒಳಗ ಆಕಿಗೆ ಏನೇನೋ ಅಂದ್ಯಾ.”

ಅವರು ಅತ್ತರು, ನಾನೂ ಅತ್ತೆ. ಬಿ.ಎಡ್. ಕಾಲೇಜಿನಲ್ಲಿ ಹಾಜರಿ ತೆಗೆದುಕೊಳ್ಳುವುದನ್ನು ಯಾರೂ ನನಗೆ ಕಲಿಸಿರಲಿಲ್ಲ. ಕಲಿಸಿದವರು ಕೋರ್ಟಿನ ಪಟ್ಟೇವಾಲರು. ಸವಿತಾ, ನಿನ್ನ ಫೋನಿನಲ್ಲಿ ಎಲ್ಲರ ಮಾತೂ ಬರಲಿ, ಭಾಳ ಚೊಲೋ. ಆದರೆ ಯಾರ ಮಾತು ಯಾವ ಮುಖದ್ದು ಎಂದು ತರಗತಿಯಲ್ಲಿ ತಲೆ ಎತ್ತಿ ನೋಡುತ್ತಿರವ್ವಾ.

ಮರುದಿನ ಬೆಳಿಗ್ಗೆ ಹಾಜರಿ ಪುಸ್ತಕ ತೆರೆದೆ. ಒಂದೊಂದೇ ಹೆಸರು ಕರೆದು, ಒಂದೊಂದೇ ಮುಖ ನೋಡಿ ಗೀರು ಹಾಕಿದೆ. ಅರ್ಧ ತಾಸು ಹಿಡಿಯಿತು. ‘ಜೈತುನಬಿ’ ಎಂದು ಕರೆದಾಗ ಇಡೀ ತರಗತಿ ಹೊರಳಿ ನೋಡಿತು. ಕಿಡಕಿಯ ಹತ್ತಿರ ಒಂದು ಕೈ ಮೇಲೆದ್ದಿತು. ಆ ಕೈಯಲ್ಲಿ ಒಂದು ಚೀಟಿ ಇತ್ತು. ಅದನ್ನು ಗಂಗವ್ವನಿಗೆ ಕೊಟ್ಟಳು, ಗಂಗವ್ವ ಮುಂದಿನವಳಿಗೆ ಕೊಟ್ಟಳು, ಹೀಗೆ ನಾಲ್ಕು ಬೆಂಚು ದಾಟಿ ಅದು ನನ್ನ ಮೇಜಿಗೆ ಬಂತು.

“ಹಾಜರ್. ಆದರೆ ನಿನ್ನೆಯವರೆಗಿನದಕ್ಕೆ ತಕರಾರು ಇದೆ.”

ಕೆಳಗೆ ‘ತಕರಾರು ಮಂಜೂರ್’ ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿ, ಅದೇ ನಾಲ್ಕು ಬೆಂಚುಗಳ ಕೈಯಲ್ಲಿ ವಾಪಸ್ ಕಳಿಸಿದೆ.